ಮಂಡಿಯ ಒಳಬದಿ ಲಿಗಮೆಂಟ್‌ಗೆ ಪೆಟ್ಟು: ಜಿಮ್ ಬಿಡದೆ ಸರಿಪಡಿಸಿಕೊಳ್ಳೋದು ಹೇಗೆ?

ಕೇಳಿದವರು: ವಿಜಯನಗರ

ಎಲ್ಲರಿಗೂ ನಮಸ್ಕಾರ. ವಯಸ್ಸು 36, ತೂಕ 64 ಕೆಜಿ. ಮೂರು ವಾರದ ಹಿಂದೆ ಶಟಲ್ ಆಡುವಾಗ ಎಡಗಾಲು ನೆಲಕ್ಕೆ ಕಚ್ಚಿಕೊಂಡು ಮಂಡಿ ಒಳಕ್ಕೆ ವಾಲಿತು. ಎಂಆರ್‌ಐ ವರದಿಯಲ್ಲಿ ಎಂಸಿಎಲ್ (ಒಳಬದಿಯ ಲಿಗಮೆಂಟ್) ಗ್ರೇಡ್ 2, ಅಂದರೆ ಅರೆಬರೆ ಕಿತ್ತಿದೆ; ಎಸಿಎಲ್ (ಮಂಡಿಯ ನಡುವಿನ ಲಿಗಮೆಂಟ್) ಮತ್ತು ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಸರಿಯಾಗಿವೆ ಅಂತಿದೆ. ಎರಡೂ ಬದಿಗೆ ಕೀಲುಪಟ್ಟಿ ಇರುವ ಬ್ರೇಸ್ ಹಾಕಿದ್ದೇನೆ. ಊರುಗೋಲಿಲ್ಲದೆ ನಡೆಯುತ್ತೇನೆ, ಮಂಡಿ 110 ಡಿಗ್ರಿಯಷ್ಟು ಮಡಚುತ್ತೆ. ಡಾಕ್ಟರ್ "ಇನ್ನು ವ್ಯಾಯಾಮ ಶುರು ಮಾಡಿ" ಅಂದರು. ಟ್ರೈನರ್ "ಮೂರು ತಿಂಗಳು ಕಾಲಿನ ಕಡೆ ಹೋಗಲೇಬೇಡಿ" ಅಂತಾರೆ. ಮುಂಚೆ ವಾರಕ್ಕೆ ನಾಲ್ಕು ದಿನ ಜಿಮ್, ಸ್ಕ್ವಾಟ್ 60 ಕೆಜಿ. ಈಗ ಏನು ಮಾಡಬಹುದು, ಏನು ಬೇಡ, ಮಂಡಿಗೆ ಹಾಕುವ ಬಿಗಿ ಸ್ಲೀವ್ ತಗೋಬೇಕಾ, ಸ್ಕ್ವಾಟ್ ಯಾವಾಗ, ಶಟಲ್ ಯಾವಾಗ? ತಿಳಿದವರು ಬಿಡಿಸಿ ಹೇಳಿ.

ಫಿಸಿಯೋಥೆರಪಿಸ್ಟ್, ಜಯನಗರ

ಮೇಡಂ, ಮೊದಲು ಪೆಟ್ಟು ಬಿದ್ದಿರುವ ಜಾಗ ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಎಂಸಿಎಲ್ ಅಂದರೆ ಮಂಡಿಯ ಒಳಬದಿಯಲ್ಲಿ ತೊಡೆಮೂಳೆಯಿಂದ ಕೆಳಗಿನ ಮೂಳೆಗೆ ಇಳಿಯುವ ಅಗಲವಾದ ಪಟ್ಟಿ. ಮಂಡಿ ಒಳಕ್ಕೆ ವಾಲದಂತೆ ತಡೆಯೋದು ಅದರ ಕೆಲಸ. ರಕ್ತ ಚೆನ್ನಾಗಿ ಹರಿಯುವ ಪಟ್ಟಿ ಇದು, ಹಾಗಾಗಿ ಗ್ರೇಡ್ 2ಕ್ಕೆ ಆಪರೇಷನ್ ಸಾಮಾನ್ಯವಾಗಿ ಬೇಕಾಗೋದಿಲ್ಲ. ಮುಂದೆ ಹಿಂದೆ ಮಡಚುವ, ಚಾಚುವ ಕೆಲಸಕ್ಕೆ ಅದು ಬೇಗ ಒಪ್ಪುತ್ತೆ. ಪಾದ ಹೊರಗೆ ಉಳಿದು ಮಂಡಿ ಒಳಗೆ ಹೋಗುವ ಯಾವ ಭಂಗಿಗೂ ಇನ್ನೂ ಕೆಲವು ವಾರ ಒಪ್ಪೋದಿಲ್ಲ. ಯಾವ ವ್ಯಾಯಾಮ ನೋಡಿದರೂ ಈ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಮಂಡಿ ಪಕ್ಕಕ್ಕೆ ವಾಲುತ್ತಾ, ತಿರುಚುತ್ತಾ?

ಇನ್ನು ಎಷ್ಟು ಮಾಡಬೇಕು ಅನ್ನೋದು. ವಾರದ ಲೆಕ್ಕ ಅಂದಾಜಿಗೆ ಮಾತ್ರ. ಮರುದಿನ ಬೆಳಗಿನ ಮಂಡಿ ಏನು ಹೇಳುತ್ತೋ ಅದೇ ಲೆಕ್ಕ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ವ್ಯಾಯಾಮದ ವೇಳೆ ನೋವು 2ರವರೆಗೆ ಇದ್ದರೆ ಚಿಂತೆಯಿಲ್ಲ. 3ರಿಂದ 5 ಇದ್ದರೆ, 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಸರಿ. 5 ದಾಟಿದರೆ ಅಲ್ಲೇ ನಿಲ್ಲಿಸಿ. ಎಂಸಿಎಲ್‌ಗೆ ಮೊದಲ ಆರು ವಾರ 3ರ ಕೆಳಗೇ ಇಟ್ಟುಕೊಳ್ಳಿ.

ನೋವಿಗಿಂತ ಊತ ನಂಬಿಕಸ್ಥ ಸಾಕ್ಷಿ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಹೀಗೆ ನೋಡಿ. ಕಾಲು ಚಾಚಿ, ತೊಡೆ ಸಡಿಲ ಬಿಡಿ. ಮಂಡಿಚಿಪ್ಪಿನ ಪಕ್ಕ ಒಳಬದಿಯಲ್ಲಿ ಒಂದು ಸಣ್ಣ ಗುಳಿ ಇರುತ್ತೆ. ಅಂಗೈಯನ್ನು ಹಗುರವಾಗಿ ಇಟ್ಟು ಆ ಗುಳಿಯಿಂದ ತೊಡೆಯ ಕಡೆಗೆ ಎರಡು ಮೂರು ಸಲ ಸವರಿ, ಅಲ್ಲಿರುವ ನೀರು ಮೇಲಕ್ಕೆ ಸರಿಯುತ್ತೆ. ಆಮೇಲೆ ಹೊರಬದಿಯಲ್ಲಿ ತೊಡೆಯಿಂದ ಕೆಳಕ್ಕೆ ಒಂದೇ ಸಲ ಸವರಿ, ಕಣ್ಣು ಮಾತ್ರ ಒಳಗುಳಿಯ ಮೇಲಿರಲಿ. ಗುಳಿ ಹಾಗೇ ಉಳಿದರೆ ನೀರಿಲ್ಲ. ಸಣ್ಣ ಅಲೆಯಂತೆ ಉಬ್ಬಿದರೆ ಸ್ವಲ್ಪ ಇದೆ, ಅವತ್ತು ಭಾರ ಏರಿಸಬೇಡಿ. ಹೊರಬದಿ ಮುಟ್ಟುವ ಮೊದಲೇ ಗುಳಿ ತಾನಾಗಿ ತುಂಬಿಕೊಂಡರೆ ಕಾಲಿಗೆ ಭಾರವೇ ಬೇಡ. ಜೊತೆಗೆ ಟೇಪ್ ಹಿಡಿದು ಚಿಪ್ಪಿನ ನಡುವೆ ಸುತ್ತಳತೆ, ಚಿಪ್ಪಿನ ಮೇಲಂಚಿನಿಂದ 10 ಸೆಂಮೀ ಮೇಲೆ ತೊಡೆಯ ಸುತ್ತಳತೆ, ಎರಡೂ ಕಾಲಿನದು ವಾರಕ್ಕೊಮ್ಮೆ ಬರೆದಿಡಿ. ಮೊದಲನೆಯದು ಇಳಿಯಬೇಕು, ಎರಡನೆಯದು ಏರಬೇಕು.

ನೀರಿಗೆ ಇಷ್ಟು ಮಹತ್ವ ಯಾಕೆ ಅಂದರೆ, ಕೀಲಿನಲ್ಲಿ 20–30 ಮಿಲಿ ಹೆಚ್ಚುವರಿ ನೀರು ಸೇರಿದರೂ ತೊಡೆಯ ಮುಂಭಾಗದ, ಅದರಲ್ಲೂ ಒಳಬದಿಯ ಸ್ನಾಯು ಕೆಲಸ ಕಡಿಮೆ ಮಾಡುತ್ತೆ. ನರವ್ಯವಸ್ಥೆಯೇ ಅದನ್ನು ತಡೆಹಿಡಿಯುತ್ತೆ. ಅಂಥ ಮಂಡಿಯ ಮೇಲೆ ಎಷ್ಟು ಸೆಟ್ ಹೊಡೆದರೂ ತೊಡೆ ಬಲವಾಗೋದಿಲ್ಲ, ಉಳಿದ ಭಾಗಗಳ ಮೇಲೆ ಹೊರೆ ಬೀಳುತ್ತೆ ಅಷ್ಟೆ.

ಮನೆಯಲ್ಲಿ ದಿನವೂ ಮಾಡಬೇಕಾದ್ದು:

ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ತಾನಾಗಿ ಇಳಿಯಲು ಬಿಡಿ, 5 ನಿಮಿಷ, ದಿನಕ್ಕೆ ಎರಡು ಸಲ. ಎಡಮಂಡಿ ಬಲದಷ್ಟೇ ನೇರವಾಗಬೇಕು. ಮಡಚೋದು ಬಂತು ಅಂತ ಜನ ಖುಷಿಪಟ್ಟು ಇದನ್ನು ಮರೆಯುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಕುಂಟು ನಡಿಗೆ ಉಳಿಯುತ್ತೆ.

ಟವೆಲ್ಲನ್ನು ಮಂಡಿಯ ಕೆಳಗೆ ಇಟ್ಟು ಒತ್ತಿ 5 ಸೆಕೆಂಡ್ ಹಿಡಿಯೋದು, 10 ಸಲ, ದಿನಕ್ಕೆ ಮೂರು ಹೊತ್ತು. ಚಿಪ್ಪು ತೊಡೆಯ ಕಡೆ ಸರಿಯಬೇಕು. ಸರಿಯದಿದ್ದರೆ ನೀವು ಒತ್ತುತ್ತಿರೋದು ಅಂಡಿನ ಸ್ನಾಯುವಿನಿಂದ.

ಮಲಗಿ ನೇರ ಕಾಲು ಎತ್ತೋದು, ನೆಲದಿಂದ ಸುಮಾರು 30 ಸೆಂಮೀ, 10ರ ಮೂರು ಸೆಟ್. ಎತ್ತುವಾಗ ಮಂಡಿ ಸ್ವಲ್ಪ ಮಡಚಿಕೊಂಡರೆ ಇನ್ನೂ ಇದಕ್ಕೆ ಕಾಲ ಬಂದಿಲ್ಲ, ಟವೆಲ್ ಒತ್ತೋದಕ್ಕೇ ವಾಪಸ್ಸು.

ಒಂಟಿ ಕಾಲಲ್ಲಿ ನಿಲ್ಲೋದು, 30 ಸೆಕೆಂಡಿನ ಮೂರು ಸಲ, ಗೋಡೆ ಪಕ್ಕದಲ್ಲಿ. ಹಲ್ಲುಜ್ಜುವಾಗ ಬಚ್ಚಲ ಒದ್ದೆ ನೆಲದ ಮೇಲೆ ಮಾತ್ರ ಬೇಡ.

ಮಲಗುವಾಗ ಬಲಮಗ್ಗುಲಾದರೆ ಎರಡು ಮಂಡಿಗಳ ನಡುವೆ ದಿಂಬು ಇರಲಿ. ಇಲ್ಲದಿದ್ದರೆ ಮೇಲಿನ ಎಡಮಂಡಿ ರಾತ್ರಿಯೆಲ್ಲ ಒಳಕ್ಕೆ ಜೋತಾಡುತ್ತೆ. "ಏನೂ ಮಾಡದೆ ಬೆಳಿಗ್ಗೆ ನೋವು" ಅನ್ನುವವರಲ್ಲಿ ಹಲವರ ಕಾರಣ ಇದೇ.

ಜಿಮ್ ಟ್ರೈನರ್, ರಾಜಾಜಿನಗರ

ಫಿಸಿಯೋ ಹೇಳಿದ್ದು ಸರಿ. ಜಿಮ್ ಭಾಗ ನಾನು ಹೇಳ್ತೀನಿ. ಮೂರು ತಿಂಗಳು ಕಾಲು ಬಿಟ್ರೆ ತೊಡೆ ಕರಗತ್ತೆ, ಆಮೇಲೆ ಅದನ್ನ ವಾಪಸ್ ಕಟ್ಟೋಕೆ ಇನ್ನೊಂದಷ್ಟು ತಿಂಗಳು ಹೋಗತ್ತೆ. ಡಾಕ್ಟರ್ ಒಪ್ಪಿಗೆ ಇದ್ದಾಗ ಸುಮ್ನೆ ಕೂರೋ ಅಗತ್ಯ ಇಲ್ಲ.

ನಾಲ್ಕು ದಿನ ಅಂದ್ರಲ್ಲ, ಎರಡು ದಿನ ಮೇಲ್ಭಾಗ, ಎರಡು ದಿನ ಕಾಲು ಅಂತ ಇಟ್ಕೊಳಿ. ಕಾಲಿನ ಎರಡು ದಿನದ ನಡುವೆ ಕನಿಷ್ಠ 48 ಗಂಟೆ ಅಂತರ ಇರ್ಲಿ, ಯಾಕಂದ್ರೆ ಮರುದಿನ ಬೆಳಿಗ್ಗೆ ನೋಡದೆ ಮುಂದಿನ ಭಾರ ತೀರ್ಮಾನ ಮಾಡೋಕಾಗಲ್ಲ.

ಮೇಲ್ಭಾಗದ ದಿನ ಮಂಡಿಗೇನೂ ಆಗಲ್ಲ ಅಂತ ಎಲ್ಲರೂ ಅಂದ್ಕೋತಾರೆ. ಅಲ್ಲೇ ಎಡವೋದು. ಡಂಬ್‌ಬೆಲ್ ಪ್ರೆಸ್‌ಗೆ ಮಲಗೋವಾಗ ಡಂಬ್‌ಬೆಲ್‌ನ ಮಂಡಿ ಮೇಲಿಟ್ಟು ಒದ್ದು ಎತ್ತೋ ಅಭ್ಯಾಸ ಇದ್ಯಲ್ಲ, ಅದು ಬೇಡ, ಯಾರಾದ್ರೂ ಕೈಗೆ ಕೊಡ್ಲಿ. 20 ಕೆಜಿ ಪ್ಲೇಟ್ ನೆಲದಿಂದ ತೆಗೆದು ಅಲ್ಲೇ ನಿಂತು ತಿರುಗಿ ರ‍್ಯಾಕ್‌ಗೆ ಹಾಕ್ಬೇಡಿ, ಹೆಜ್ಜೆ ಎತ್ತಿ ಇಟ್ಟು ತಿರುಗಿ. ಪಾದ ನೆಟ್ಟಿರೋವಾಗ ಮೈ ತಿರುಗಿದ್ರೆ ಶಟಲ್ ಕೋರ್ಟಲ್ಲಿ ಆದದ್ದೇ ಇಲ್ಲೂ ಆಗೋದು. ಲ್ಯಾಟ್ ಪುಲ್‌ಡೌನ್ ಸೀಟಿಗೆ ಕಾಲು ದಾಟಿಸೋವಾಗ ಎಡಗಾಲನ್ನ ಅಡ್ಡಡ್ಡ ಎಳೀಬೇಡಿ, ಮುಂದಿನಿಂದ ಕೂತು ಎರಡೂ ಕಾಲು ಒಟ್ಟಿಗೆ ಒಳಗೆ ತಗೊಳಿ. ನಿಂತು ಮಾಡೋ ಶೋಲ್ಡರ್ ಪ್ರೆಸ್ ಬದಲು ಕೂತು ಮಾಡಿ, ಬೆಂಟ್ ಓವರ್ ರೋ ಬದಲು ಎದೆ ಒರಗಿಸೋ ರೋ ಮಾಡಿ.

ಕಾಲಿನ ದಿನ, ಈಗಿನಿಂದ ಆರನೇ ವಾರದ ತನಕ:

ಸೈಕಲ್ 10 ನಿಮಿಷ, ರೆಸಿಸ್ಟೆನ್ಸ್ ಇಲ್ಲದೆ. ಆಮೇಲೆ ಎರಡೂ ಕಾಲಲ್ಲಿ ಲೆಗ್ ಪ್ರೆಸ್ (ಒರಗಿ ಕೂತು ಕಾಲಿಂದ ಭಾರ ತಳ್ಳೋ ಮೆಷಿನ್), 15ರ ಮೂರು ಸೆಟ್, ಮಂಡಿ ನೇರದಿಂದ 60 ಡಿಗ್ರಿ ತನಕ ಮಾತ್ರ ಮಡಚಬೇಕು. 3 ಸೆಕೆಂಡ್ ಇಳಿಸಿ, 3 ಸೆಕೆಂಡ್ ತಳ್ಳಿ. ಪಾದ ಸೊಂಟದಗಲ, ಬೆರಳು ಸ್ವಲ್ಪ ಹೊರಗೆ, ಪಾದ ಇಡೋ ಹಲಗೆಯ ಮಧ್ಯಕ್ಕಿಂತ ಒಂದು ಚೂರು ಮೇಲೆ. ಕೊನೇಲಿ ಮಂಡಿ ಟಕ್ ಅಂತ ಲಾಕ್ ಮಾಡ್ಬೇಡಿ. ಶುರು ಮಾಡೋ ಮುಂಚೆ ಸೇಫ್ಟಿ ಪಿನ್‌ನ 60 ಡಿಗ್ರಿ ಜಾಗಕ್ಕೆ ಹಾಕಿಸ್ಕೊಳಿ, ಸುಸ್ತಾದಾಗ ಸ್ಲೆಡ್ (ಭಾರ ಹೊತ್ತು ಜಾರೋ ಚೌಕಟ್ಟು) ಅದಕ್ಕಿಂತ ಕೆಳಗೆ ಬರಬಾರದು.

ಹಿಪ್ ಥ್ರಸ್ಟ್ (ಬೆಂಚಿಗೆ ಬೆನ್ನು ಒರಗಿಸಿ ಸೊಂಟ ಎತ್ತೋದು) 12ರ ಮೂರು ಸೆಟ್. ಮೇಲೆ ಬಂದಾಗ ಮೊಣಕಾಲಿನ ಕೆಳಗಿನ ಮೂಳೆ ನೆಲಕ್ಕೆ ನೆಟ್ಟಗೆ ಇರ್ಬೇಕು. ಸಣ್ಣ ಬ್ಯಾಂಡ್ ಹಾಕೋದಾದ್ರೆ ಮಂಡಿಗಿಂತ ಮೇಲೆ ತೊಡೆಗೆ ಹಾಕಿ, ಕಣಕಾಲಿಗೆ ಬೇಡ. ರೊಮೇನಿಯನ್ ಡೆಡ್‌ಲಿಫ್ಟ್ (ರಾಡ್ ಹಿಡಿದು ಸೊಂಟದಿಂದ ಬಾಗಿ ಏಳೋದು) ಖಾಲಿ ರಾಡಿಂದ, 10ರ ಮೂರು ಸೆಟ್. ಲೆಗ್ ಕರ್ಲ್ ಹಗುರದಲ್ಲಿ 15ರ ಎರಡು ಸೆಟ್. ಒಳತೊಡೆಯಿಂದ ಇಳಿಯೋ ಸ್ನಾಯುಗಳ ತುದಿ ಎಂಸಿಎಲ್ ಪಕ್ಕದಲ್ಲೇ ಅಂಟಿರೋದ್ರಿಂದ ಇದು ಕಿರಿಕಿರಿ ಮಾಡಬಹುದು, ಮಾಡಿದ್ರೆ ಒಂದು ವಾರ ಬಿಡಿ. ಎರಡೂ ಕಾಲಲ್ಲಿ ಕಾಫ್ ರೈಸ್ (ನಿಂತು ಹಿಮ್ಮಡಿ ಎತ್ತೋದು) 15ರ ಮೂರು ಸೆಟ್.

ಕೊನೇಗೆ ಬಲಗಾಲಿಗೆ ಮಾತ್ರ, ಒಂಟಿ ಕಾಲಿನ ಲೆಗ್ ಪ್ರೆಸ್ 8ರ ಮೂರು ಸೆಟ್, ಚೆನ್ನಾಗಿ ಭಾರ ಹಾಕಿ. ಒಂದು ಕಾಲಿಗೆ ಭಾರದ ತರಬೇತಿ ಕೊಟ್ಟರೆ ಇನ್ನೊಂದು ಕಾಲಿನ ಬಲವೂ ಒಂದಿಷ್ಟು ಉಳಿಯತ್ತೆ. ನಂಬೋಕೆ ಕಷ್ಟ, ಆದ್ರೆ ಇದು ಹಳೇ, ಚೆನ್ನಾಗಿ ಸಾಬೀತಾಗಿರೋ ವಿಷಯ.

ಬೇಡದ ಪಟ್ಟಿ: ಸುಮೋ ಸ್ಕ್ವಾಟ್, ಪಕ್ಕದ ಲಂಜ್, ಕಣಕಾಲಿಗೆ ಕೇಬಲ್ ಕಟ್ಟಿ ಕಾಲನ್ನ ಒಳಕ್ಕೆ ಎಳೆಯೋದು, ಬಾಕ್ಸ್ ಜಂಪ್, ಬರ್ಪಿ, ಜುಂಬಾ. ಕೇಬಲ್ ಯಾಕೆ ಬೇಡ ಅಂದ್ರೆ ಅದು ಪಾದನ ಹೊರಗೆ ಎಳೆಯತ್ತೆ, ತೊಡೆ ಒಳಗೆ ಬರತ್ತೆ, ನಡುವೆ ಸಿಕ್ಕಿಹಾಕಿಕೊಳ್ಳೋದು ಎಂಸಿಎಲ್. ಒಳತೊಡೆಗೆ ಏನಾದ್ರೂ ಬೇಕೇ ಬೇಕು ಅಂದ್ರೆ ಮಂಡಿಗಿಂತ ಮೇಲೆ ತೊಡೆಗಳ ನಡುವೆ ಚೆಂಡಿಟ್ಟು ಒತ್ತಿ ಹಿಡೀರಿ, ಸಾಕು.

ಒಂದೇ ದಿನ ಎರಡು ವಿಷಯ ಬದಲಾಯಿಸ್ಬೇಡಿ. ಭಾರ ಏರ್ಸಿದ್ರೆ ಆಳ ಅಷ್ಟೇ ಇರ್ಲಿ, ಆಳ ಹೆಚ್ಚಿಸಿದ್ರೆ ಭಾರ ಅಷ್ಟೇ ಇರ್ಲಿ. ಇಲ್ಲಾಂದ್ರೆ ಬೆಳಿಗ್ಗೆ ಊದಿದಾಗ ಯಾವುದರಿಂದ ಅಂತ ಗೊತ್ತಾಗಲ್ಲ.

ಸೈಕಲ್ ಫಿಟ್ಟಿಂಗ್ ಮಾಡುವವರು, ಮಲ್ಲೇಶ್ವರ

ಸೈಕಲ್ ಬಗ್ಗೆ ಮಾತ್ರ. ಪೆಡಲ್ ಒಂದು ಪೂರ್ತಿ ಸುತ್ತು ತಿರುಗಲು ಮಂಡಿ ಸುಮಾರು 105–110 ಡಿಗ್ರಿ ಮಡಚಬೇಕು. ನಿಮ್ಮದು ಅಂಚಿನಲ್ಲಿದೆ. ಸೀಟನ್ನು ಮಾಮೂಲಿಗಿಂತ 2 ಸೆಂಮೀ ಎತ್ತರಿಸಿ ಶುರು ಮಾಡಿ, ಆಗ ಮೇಲಿನ ಹಂತದಲ್ಲಿ ಅಷ್ಟು ಮಡಚಬೇಕಿಲ್ಲ. ಸುತ್ತು ಸಲೀಸಾದ ಮೇಲೆ ಇಳಿಸಿ. ಕೊನೆಗೆ ಪೆಡಲ್ ಕೆಳಗಿದ್ದಾಗ ಮಂಡಿಯಲ್ಲಿ 25–30 ಡಿಗ್ರಿ ಬಾಗು ಉಳಿಯಬೇಕು. ಚಿಪ್ಪಿನ ಮುಂದೆ ನೋವು ಬಂದರೆ ಸೀಟು ತಗ್ಗಾಗಿದೆ, ಮಂಡಿಯ ಹಿಂದೆ ಬಂದರೆ ಎತ್ತರವಾಗಿದೆ. ಪೆಡಲ್ ಪಟ್ಟಿ ಪಾದವನ್ನು ಬಿಗಿಯಾಗಿ ಹಿಡಿದರೆ ಸಡಿಲಿಸಿ. ಸ್ಪಿನ್ ಬೈಕ್ ಆದರೆ ಪೂರ್ತಿ ನಿಲ್ಲುವವರೆಗೂ ಇಳಿಯಬೇಡಿ, ಅದರ ಭಾರದ ಚಕ್ರ ನೀವು ಬಿಟ್ಟರೂ ಕಾಲನ್ನು ತಿರುಗಿಸುತ್ತಲೇ ಇರುತ್ತೆ. ರೋಯಿಂಗ್ ಮೆಷಿನ್ ಸದ್ಯಕ್ಕೆ ಬೇಡ, ಮುಂದೆ ಬಂದಾಗ ಮಂಡಿ ತೀರಾ ಮಡಚುತ್ತೆ.

ಈಜಿನ ಬಗ್ಗೆ ಯಾರೂ ಹೇಳಲಿಲ್ಲ. ಬಸವನಗುಡಿ, ಜಯನಗರದ ಕಡೆ ಕೊಳಕ್ಕೆ ಹೋಗುವ ಆಲೋಚನೆ ಇದ್ದರೆ ಬ್ರೆಸ್ಟ್ ಸ್ಟ್ರೋಕ್, ಅಂದರೆ ಕಪ್ಪೆಯ ಹಾಗೆ ಕಾಲು ಒದೆಯುವ ಈಜು, ಪೂರ್ತಿ ನಿಷಿದ್ಧ. ಆ ಒದೆತ ನೇರವಾಗಿ ಎಂಸಿಎಲ್‌ಗೇ ಬೀಳುತ್ತೆ. ಫ್ರೀಸ್ಟೈಲ್ ಆದರೆ ಸೊಂಟದಿಂದ ಸಣ್ಣ ಸಣ್ಣ ಒದೆತ, ಅಡ್ಡಿಯಿಲ್ಲ.

ಅಪಘಾತ ವಿಭಾಗದ ಕರ್ತವ್ಯ ವೈದ್ಯರು

ಓದುವ ಉಳಿದವರಿಗೂ ಸೇರಿ ಬರೆಯುತ್ತಿದ್ದೇನೆ. ಈ ಮೇಡಂ ಅವರ ಬಳಿ ಎಂಆರ್‌ಐ ಇದೆ, ಎಲ್ಲರ ಬಳಿ ಇರೋದಿಲ್ಲ. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮಂಡಿ 90 ಡಿಗ್ರಿ ಮಡಚದಿದ್ದರೆ, ಚಿಪ್ಪಿನ ಮೇಲೇ ಅಥವಾ ಹೊರಬದಿಯ ಸಣ್ಣ ಮೂಳೆಯ ತಲೆ ಮುಟ್ಟಿದರೆ ನೋವಾದರೆ, ಅಥವಾ ವಯಸ್ಸು 55 ಇಲ್ಲವೇ ಅದಕ್ಕಿಂತ ಹೆಚ್ಚಿದ್ದರೆ ಮೊದಲು ಎಕ್ಸ್‌ರೇ ಆಗಲಿ. ಪೆಟ್ಟಾದ ಒಂದೆರಡು ಗಂಟೆಯಲ್ಲೇ ಮಂಡಿ ಬಲೂನಿನಂತೆ ಊದಿದರೆ ಒಳಗೆ ರಕ್ತ ಸೇರಿರುವ ಸಾಧ್ಯತೆ ಹೆಚ್ಚು, ಆಗ ಎಸಿಎಲ್ ಅನುಮಾನ ಬರಬೇಕು. ಎಂಸಿಎಲ್‌ನ ಹೆಚ್ಚಿನ ಭಾಗ ಕೀಲಿನ ಚೀಲದ ಹೊರಗಿದೆ. ಹಾಗಾಗಿ ಬರೀ ಎಂಸಿಎಲ್ ಪೆಟ್ಟಿನಲ್ಲಿ ಊತ ಒಳಬದಿಗೆ ಸೀಮಿತವಾಗಿರುತ್ತೆ. ಮಂಡಿ ಅರ್ಧಕ್ಕೆ ಸಿಕ್ಕಿಕೊಂಡು ನೇರವಾಗದಿದ್ದರೆ ಮೆನಿಸ್ಕಸ್ ತುಂಡು ಅಡ್ಡ ಬಂದಿರಬಹುದು, ಅದನ್ನು ಎಳೆದು ಸರಿ ಮಾಡಲು ಹೋಗಬೇಡಿ. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಇಲ್ಲವೇ ಜ್ವರದ ಜೊತೆ ಮಂಡಿ ಕೆಂಪಾಗಿ ಕಾದರೆ ಅದೇ ದಿನ ಆಸ್ಪತ್ರೆ. ಖಾಸಗಿ ಖರ್ಚು ಕಷ್ಟವಾದರೆ ಮೂಳೆ, ಅಪಘಾತಕ್ಕೆಂದೇ ಜಯನಗರದಲ್ಲಿ ಸಂಜಯ್ ಗಾಂಧಿ ಸಂಸ್ಥೆ ಇದೆ.

ಪುತ್ತೂರು ಕಟ್ಟು ಹಾಕಿಸಲೇ ಅಂತ ದಿನವೂ ಯಾರಾದರೂ ಕೇಳುತ್ತಾರೆ. ಒಳಗೇನು ಕಿತ್ತಿದೆ ಅಂತ ತಿಳಿಯದೆ ಬಿಗಿಯಾಗಿ ಕಟ್ಟಿ ವಾರಗಟ್ಟಲೆ ಬಿಟ್ಟರೆ ಮಂಡಿ ಸೆಡೆತುಕೊಳ್ಳುತ್ತೆ, ತೊಡೆ ಸೊರಗುತ್ತೆ. ಹೊಸ ಪೆಟ್ಟಿಗೆ ಎಣ್ಣೆ ಹಾಕಿ ತಿಕ್ಕಿಸೋದೂ ಬೇಡ.

ಐಸ್ ವಿಚಾರ. ವಿಶ್ರಾಂತಿ, ಐಸ್, ಬಿಗಿಪಟ್ಟಿ, ಕಾಲೆತ್ತಿಡೋದು ಅನ್ನುವ ಸೂತ್ರವನ್ನು 1978ರಲ್ಲಿ ಹೇಳಿದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ 2014ರಲ್ಲಿ, ಐಸ್ ಮತ್ತು ಪೂರ್ಣ ವಿಶ್ರಾಂತಿ ಗುಣವಾಗೋದನ್ನು ನಿಧಾನ ಮಾಡಬಹುದು ಅಂತ ತಿದ್ದಿಕೊಂಡರು. ಈಗ ನೋವು ತಗ್ಗಿಸಲು ಮಾತ್ರ, ಬಟ್ಟೆ ಸುತ್ತಿ 10–15 ನಿಮಿಷ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿ ಜಿಮ್‌ಗೆ ಹೋಗಬೇಡಿ. ಮೇಲೆ ಹೇಳಿದ ನೋವಿನ ಅಳತೆಯೇ ಸುಳ್ಳಾಗುತ್ತೆ.

ಕೇಳಿದವರು: ವಿಜಯನಗರ

ಎಲ್ಲರಿಗೂ ಧನ್ಯವಾದ. ಆದರೆ ನಿನ್ನೆ ಲೆಗ್ ಪ್ರೆಸ್ ಮಾಡಿದೆ, ಪ್ಲೇಟ್ ಬರೀ 40 ಕೆಜಿ, 60 ಡಿಗ್ರಿ, 15ರ ಮೂರು ಸೆಟ್. ಮಾಡುವಾಗ ನೋವು 1. ಇವತ್ತು ಬೆಳಿಗ್ಗೆ ಗುಳಿ ಉಬ್ಬುತ್ತಿದೆ, ಮೆಟ್ಟಿಲಿಳಿಯುವಾಗ ಒಳಬದಿ 4. ತಪ್ಪೆಲ್ಲಾಯ್ತು?

ಜಿಮ್ ಟ್ರೈನರ್, ರಾಜಾಜಿನಗರ

ಸ್ಲೆಡ್ ತೂಕ ಸೇರ್ಸಿಲ್ಲ ನೀವು. 45 ಡಿಗ್ರಿ ಇಳಿಜಾರಿನ ಲೆಗ್ ಪ್ರೆಸ್‌ನಲ್ಲಿ ಖಾಲಿ ಸ್ಲೆಡ್ಡೇ ಮೆಷಿನ್ ನೋಡ್ಕೊಂಡು 20ರಿಂದ 50 ಕೆಜಿ ಇರತ್ತೆ, ಫ್ರೇಮ್ ಮೇಲಿನ ಸ್ಟಿಕ್ಕರ್‌ನಲ್ಲಿ ಬರ್ದಿರತ್ತೆ, ಇಲ್ಲಾಂದ್ರೆ ಜಿಮ್‌ನವರನ್ನ ಕೇಳಿ. 45 ಅಂತಲೇ ಇಟ್ಕೊಳಿ. 40 ಸೇರಿ 85. ಇಳಿಜಾರಾದ್ರಿಂದ ಕಾಲಿಗೆ ಸಿಗೋದು ಅದರ ಸುಮಾರು 70%, ಅಂದ್ರೆ 60 ಕೆಜಿ. ನಿಮ್ಮ ಮೈತೂಕದಷ್ಟೇ ಹತ್ರ. ಮೊದಲ ದಿನಕ್ಕೆ ಅರ್ಧ ಮೈತೂಕ, 32 ಕೆಜಿ, ಸಾಕಿತ್ತು. ಅದಕ್ಕೆ ಖಾಲಿ ಸ್ಲೆಡ್ಡೇ ಸರಿಹೋಗ್ತಿತ್ತು. ಪ್ಲೇಟ್ ಎಣಿಸೋದು ನಿಮ್ಮೊಬ್ಬರ ತಪ್ಪಲ್ಲ, ಎಲ್ಲರೂ ಹಾಗೇ ಎಣಿಸೋದು.

ಈಗ ಎರಡು ದಿನ ಕಾಲಿಗೆ ಭಾರ ಬೇಡ. ಸೈಕಲ್ ಖಾಲಿ 10 ನಿಮಿಷ, ಟವೆಲ್ ಒತ್ತೋದು, ನಡಿಗೆ ಮುಂದುವರೀಲಿ. ಗುಳಿ ಶಾಂತ ಆದ ಮೇಲೆ ಖಾಲಿ ಸ್ಲೆಡ್, 15ರ ಎರಡು ಸೆಟ್. ಮರುದಿನ ಏನೂ ಇಲ್ಲಾಂದ್ರೆ ಮೂರು ಸೆಟ್. ಆಮೇಲೆ ಪ್ರತಿ ಎರಡನೇ ಸಲ 5 ಕೆಜಿ ಸೇರ್ಸಿ.

ಫಿಸಿಯೋಥೆರಪಿಸ್ಟ್, ಜಯನಗರ

ಒಂದು ಮಾತು ಸೇರಿಸುತ್ತೇನೆ. ನಿನ್ನೆ ಜಿಮ್ ಬಿಟ್ಟರೆ ಬೇರೇನಿತ್ತು ಅಂತಲೂ ನೋಡಿ. ಮಂಡಿಗೆ ದಿನದ ಲೆಕ್ಕ ಒಂದೇ. ಮಾರ್ಕೆಟ್ ಸುತ್ತಾಟ, ಮೂರು ಮಹಡಿ ಮೆಟ್ಟಿಲು, ಲೆಗ್ ಪ್ರೆಸ್ ಎಲ್ಲ ಸೇರಿಯೇ ಬೆಳಿಗ್ಗೆ ಬಿಲ್ ಬರೋದು.

ಮನೆಯಲ್ಲಿ ಮಂಡಿ ರೋಗಿಗಳ ಆರೈಕೆ ಮಾಡುವವರು, ಬನಶಂಕರಿ

ಈ ಬೇರೇನು ಅನ್ನೋದು ಬೆಂಗಳೂರಲ್ಲಿ ದೊಡ್ಡ ಪಟ್ಟಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನಿಮ್ಮ ಜಿಮ್ ಮಹಡಿ ಮೇಲಿದ್ದು ಲಿಫ್ಟ್ ಇಲ್ಲದಿದ್ದರೆ ಕಾಲಿನ ದಿನ ಮುಗಿದು ಇಳಿಯುವಾಗಲೇ ಹುಷಾರು, ತೊಡೆ ಆಗ ದಣಿದಿರುತ್ತೆ. ಐದು ನಿಮಿಷ ಕೂತು ಇಳಿಯಿರಿ. ಮೆಟ್ರೋ ನಿಲ್ದಾಣದಲ್ಲಿ ಲಿಫ್ಟ್ ಹತ್ತಲು ನಾಚಿಕೆ ಬೇಡ.

ಸ್ಕೂಟರ್ ಓಡಿಸುತ್ತೀರಾದರೆ, ನಿಲ್ಲಿಸುವಾಗ ಎಡಗಾಲು ಊರುವ ಅಭ್ಯಾಸ ನಮ್ಮಲ್ಲಿ ಹೆಚ್ಚಿನವರಿಗೆ. ಗುಂಡಿಯ ಅಂಚಲ್ಲಿ ನೂರು ಕೆಜಿ ದಾಟುವ ಗಾಡಿ ವಾಲಿದರೆ ಆ ಭಾರವೆಲ್ಲ ಪಕ್ಕಕ್ಕೆ ಚಾಚಿದ ಎಡಗಾಲಿನ ಮಂಡಿಗೇ. ಆರು ವಾರ ಮುಗಿಯುವವರೆಗೆ ಆಟೋ, ಬಸ್ಸು, ಮೆಟ್ರೋ. ಸೈಡ್ ಸ್ಟ್ಯಾಂಡನ್ನು ಎಡಪಾದದ ತುದಿಯಿಂದ ಒದೆಯೋದೂ ಮಂಡಿಯನ್ನು ತಿರುಚುತ್ತೆ. ಕಾರಾದರೆ ಟ್ರಾಫಿಕ್‌ನಲ್ಲಿ ಕ್ಲಚ್ ಒತ್ತುವ ಲೆಕ್ಕವನ್ನೂ ಕಾಲಿನ ವ್ಯಾಯಾಮಕ್ಕೇ ಸೇರಿಸಿಕೊಳ್ಳಿ. ಸಿಲ್ಕ್ ಬೋರ್ಡ್ ದಾಟೋದರಲ್ಲಿ ಮೂರು ಸೆಟ್ ಮುಗಿದಿರುತ್ತೆ.

ರಂಗೋಲಿ ಹಾಕುವಾಗ, ನೆಲ ಒರೆಸುವಾಗ ಕುಕ್ಕರಗಾಲು ಬೇಡ. ಪೂಜೆ ಊಟಕ್ಕೆ ಕುರ್ಚಿ ಕೇಳಿ. ಚಕ್ಕಳಮಕ್ಕಳ ಹಾಕಿ ಕೂರೋದು ಮಡಚಿದ ಮಂಡಿಯನ್ನು ತಿರುಚಿಡುವ ಭಂಗಿ, ಎರಡು ತಿಂಗಳು ತಡೆಯಿರಿ.

ವಾಕಿಂಗ್‌ಗೆ ಕಬ್ಬನ್ ಪಾರ್ಕ್ ಒಳರಸ್ತೆ ಒಳ್ಳೆಯದು, ಹೆಚ್ಚುಕಮ್ಮಿ ಸಮತಟ್ಟು, ಭಾನುವಾರ ಗಾಡಿಗಳೂ ಇಲ್ಲ. ಲಾಲ್‌ಬಾಗ್‌ನಲ್ಲಿ ಬಂಡೆ ಹತ್ತಬೇಡಿ. ಹತ್ತೋದಲ್ಲ ಸಮಸ್ಯೆ, ಇಳಿಯೋದು. ಫುಟ್‌ಪಾತ್ ಕಲ್ಲುಗಳು ಅಲ್ಲಾಡುವ ಕಡೆ ಮಳೆಗಾಲದಲ್ಲಿ ಬ್ರೇಸ್ ಬಿಟ್ಟು ಹೋಗಲೇಬೇಡಿ.

ಆಹಾರತಜ್ಞೆ, ಮಲ್ಲೇಶ್ವರ

ಚಿಕ್ಕದಾಗಿ. ಓಡಾಟ ಕಡಿಮೆಯಾಯ್ತು ಅಂತ ಊಟ ಕತ್ತರಿಸಬೇಡಿ, ಸ್ನಾಯು ಕರಗೋದು ಆಗಲೇ. ಮೈತೂಕದ ಕೆಜಿಗೆ 1.6 ಗ್ರಾಂ ಲೆಕ್ಕದಲ್ಲಿ ನಿಮಗೆ ದಿನಕ್ಕೆ ನೂರು ಗ್ರಾಂ ಚಿಲ್ಲರೆ ಪ್ರೋಟೀನ್. ಒಂದು ಮೊಟ್ಟೆ 6, ನೂರು ಗ್ರಾಂ ಪನೀರ್ ಸುಮಾರು 18, ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ 25ರಷ್ಟು, ಬೇಯಿಸಿದ ಕೋಳಿ ಎದೆಮಾಂಸ ನೂರು ಗ್ರಾಂಗೆ 30, ಒಂದು ಲೋಟ ಹಾಲು 6–7. ಮುದ್ದೆ, ಉಪ್ಸಾರು ತಿಂದರೆ ಪ್ರೋಟೀನ್ ಬಂತು ಅಂದುಕೊಳ್ಳಬೇಡಿ. ರಾಗಿಹಿಟ್ಟು ನೂರು ಗ್ರಾಂಗೆ 7 ಅಷ್ಟೆ. ಹುರುಳಿ ಕಟ್ಟಿನ ಸಾರಲ್ಲಿ ಕಟ್ಟು ಮಾತ್ರ ಕುಡಿದು ಕಾಳು ಬಿಟ್ಟರೆ ಅದೂ ಇಲ್ಲ.

ಕೇಳಿದವರು: ವಿಜಯನಗರ

ಗುಳಿ ಶಾಂತವಾಯ್ತು, ಖಾಲಿ ಸ್ಲೆಡ್ ಮೂರು ಸೆಟ್ ನಡೀತು. ಮಡಚುವಾಗ ಟಕ್ ಟಕ್ ಶಬ್ದ ಬರುತ್ತೆ, ನೋವಿಲ್ಲ. ಸ್ಲೀವ್ ಮತ್ತು ಸ್ಕ್ವಾಟ್ ವಿಷಯ ಉಳಿದಿದೆ.

ಫಿಸಿಯೋಥೆರಪಿಸ್ಟ್, ಜಯನಗರ

ನೋವು, ಊತ, ಸಿಕ್ಕಿಕೊಳ್ಳೋದು ಇಲ್ಲದ ಶಬ್ದಕ್ಕೆ ಬೆಲೆ ಕೊಡಬೇಡಿ. ಸ್ಲೀವ್ ಬೆಚ್ಚಗಿಡುತ್ತೆ, ಮಂಡಿ ಎಲ್ಲಿದೆ ಅನ್ನುವ ಅರಿವು ಕೊಡುತ್ತೆ, ಪಕ್ಕಕ್ಕೆ ವಾಲೋದನ್ನು ತಡೆಯೋದಿಲ್ಲ. ಹಾಗಾಗಿ ಬ್ರೇಸ್‌ಗೆ ಅದು ಬದಲಿಯಲ್ಲ. ಬ್ರೇಸ್ ಯಾವಾಗ ಬಿಡಬೇಕು ಅಂತ ಡಾಕ್ಟರ್ ಹೇಳಲಿ, ಅವರು ಮಂಡಿಯನ್ನು 30 ಡಿಗ್ರಿ ಮಡಚಿ ಪಕ್ಕಕ್ಕೆ ಒತ್ತಿ ನೋಡುತ್ತಾರೆ. ಆಮೇಲೆ ಬೇಕಿದ್ದರೆ 5 ಮಿಮೀ ನಿಯೋಪ್ರೀನ್ ಸ್ಲೀವ್. ಊತ ಇರುವ ದಿನ ಅಳತೆ ತಗೋಬೇಡಿ, ಎರಡು ವಾರಕ್ಕೆ ಸಡಿಲವಾಗುತ್ತೆ.

ಜಿಮ್ ಟ್ರೈನರ್, ರಾಜಾಜಿನಗರ

ಸ್ಕ್ವಾಟ್. ಆರನೇ ವಾರಕ್ಕೆ ಮುಂಚೆ ಬೇಡ. ಆಮೇಲೆ, ಲೆಗ್ ಪ್ರೆಸ್‌ನಲ್ಲಿ ಮೈತೂಕದಷ್ಟು ತಳ್ಳಿದ ಮರುದಿನವೂ ಗುಳಿ ಖಾಲಿ ಇದ್ರೆ ಶುರು. ಜಿಮ್ ಬೆಂಚ್ ಸುಮಾರು 45 ಸೆಂಮೀ ಇರತ್ತೆ, ಅದರ ಮೇಲೆ ಎರಡು ಮ್ಯಾಟ್ ಹಾಕಿ 50 ಮಾಡಿ. ಭಾರವಿಲ್ಲದೆ ಅದಕ್ಕೆ ಹಗುರ ತಾಗಿಸಿ ಏಳಿ, 10ರ ಮೂರು ಸೆಟ್. ಆಮೇಲೆ 8 ಕೆಜಿ ಡಂಬ್‌ಬೆಲ್ ಎದೆಗೆ ಹಿಡ್ಕೊಂಡು, 12, 16. ಆಮೇಲೆ ಮ್ಯಾಟ್ ತೆಗೀರಿ. ಖಾಲಿ 20 ಕೆಜಿ ರಾಡ್ ಬೆನ್ನಿಗೆ ಬರೋದು ಸ್ಕ್ವಾಟ್ ಶುರುವಾಗಿ ಎರಡು ವಾರಕ್ಕೆ ಅಂದ್ಕೊಳಿ, ಅಲ್ಲಿಂದ ವಾರಕ್ಕೆ 5 ಕೆಜಿ. ಗರಡಿ ಮನೆ ಬಸ್ಕಿ ಥರ ಪೂರ್ತಿ ಕೂತು ಏಳೋದು ಕೊನೇಗೆ.

ಇಲ್ಲಿ ಆಗೋ ತಪ್ಪು ಕಣ್ಣಿಗೆ ಕಾಣಲ್ಲ. ಮೈ ತಾನಾಗೇ ಬಲಗಾಲಿಗೆ ಭಾರ ಹಾಕತ್ತೆ. ತೂಕ ನೋಡೋ ಮೆಷಿನ್ ಎರಡು ಹೊಂದಿಸಿ, ಒಂದೊಂದರ ಮೇಲೆ ಒಂದೊಂದು ಪಾದ ಇಟ್ಟು ಅರ್ಧ ಸ್ಕ್ವಾಟ್‌ನಲ್ಲಿ ನಿಲ್ಲಿ, ಇನ್ನೊಬ್ಬರು ಓದ್ಲಿ. 32–32 ಬರ್ಬೇಕು. ಬಲ 38, ಎಡ 26 ಬಂದ್ರೆ ರಾಡ್ ಮುಟ್ಬೇಡಿ, ಒಂಟಿ ಕಾಲಿನ ಲೆಗ್ ಪ್ರೆಸ್ ಎಡಕ್ಕೆ ಜಾಸ್ತಿ ಮಾಡಿ. ಫೋನನ್ನ ಎದುರಿಗೆ ಮಂಡಿ ಎತ್ತರಕ್ಕೆ ಇಟ್ಟು ವಿಡಿಯೋ ತಗೊಳಿ. ಏಳೋವಾಗ ಎಡಮಂಡಿ ಹೆಬ್ಬೆರಳಿಗಿಂತ ಒಳಗೆ ಬಂದ್ರೆ ಭಾರ ಜಾಸ್ತಿ ಆಗಿದೆ ಅಂತ.

ಬ್ಯಾಡ್ಮಿಂಟನ್ ಕೋಚ್, ಬಸವೇಶ್ವರನಗರ

ಶಟಲ್ ಪ್ರಶ್ನೆಗೆ. ಮೊದಲು ನೇರ ಓಟ, ಆಮೇಲೆ ಪಕ್ಕದ ಚಲನೆ, ಆಮೇಲೆ ಜಿಗಿತ, ಕೊನೆಗೆ ಆಟ. ಓಟಕ್ಕೆ ಮುನ್ನ ಮೂರು ಪರೀಕ್ಷೆ: 30 ನಿಮಿಷ ಬಿರುಸು ನಡಿಗೆಯ ಮರುದಿನ ಊತವಿಲ್ಲ, ಎಡಗಾಲೊಂದರಲ್ಲೇ 20 ಕಾಫ್ ರೈಸ್, 15 ಸೆಂಮೀ ಮೆಟ್ಟಿಲ ಮೇಲೆ ಎಡಗಾಲಲ್ಲಿ ನಿಂತು ಬಲ ಹಿಮ್ಮಡಿಯನ್ನು 3 ಸೆಕೆಂಡಲ್ಲಿ ಇಳಿಸಿ ನೆಲಕ್ಕೆ ತಾಗಿಸೋದು, 10 ಸಲ, ಮಂಡಿ ಅಲ್ಲಾಡದೆ. ಪಾಸಾದರೆ 1 ನಿಮಿಷ ಜಾಗಿಂಗ್, 2 ನಿಮಿಷ ನಡಿಗೆ, 8 ಸುತ್ತು, ದಿನ ಬಿಟ್ಟು ದಿನ.

ಜಿಗಿತಕ್ಕೆ ಒಂಟಿ ಕಾಲಲ್ಲಿ ಮುಂದೆ ಹಾರಿ ಅಲ್ಲಾಡದೆ ನಿಲ್ಲಬೇಕು, ಎಡ ಬಲದ 90% ಮುಟ್ಟಬೇಕು. ಬಲ 120 ಸೆಂಮೀ ಹಾರಿದರೆ ಎಡ ಕನಿಷ್ಠ 108. ಅದು ಬಂದ ಮೇಲೆ ಮೊದಲ ವಾರ ಶಟಲ್‌ಕಾಕ್ ಇಲ್ಲದೆ ಅರ್ಧ ವೇಗದ ಹೆಜ್ಜೆ ಅಭ್ಯಾಸ 10 ನಿಮಿಷ, ಎರಡನೇ ವಾರ ಅರ್ಧ ಕೋರ್ಟಲ್ಲಿ ಯಾರಾದರೂ ಕೈಗೆ ಸಿಗುವಂತೆ ಹೊಡೆದುಕೊಡಲಿ, ಮೂರನೇ ವಾರ ಡಬಲ್ಸ್ ಒಂದು ಗೇಮ್. ಸಿಂಗಲ್ಸ್ ಅದರಾಚೆ. ಲೆಕ್ಕ ಹಾಕಿದರೆ ಪೆಟ್ಟಾದ ದಿನದಿಂದ ಸುಮಾರು 12 ವಾರ. ಬೇಗ ಆದವರೂ ಇರುತ್ತಾರೆ, ಆದರೆ ನೆಟ್ ಹತ್ತಿರದ ಡ್ರಾಪ್‌ಗೆ ಚಾಚಿ ಹೆಜ್ಜೆ ಇಡುವಾಗ ಪಾದದ ಬೆರಳು ಹೋಗುವ ದಿಕ್ಕಿಗೇ ಮಂಡಿ ಹೋಗುತ್ತಿದೆಯಾ ಅಂತ ನೋಡದೆ ಅಂಕ ಎಣಿಸೋ ಆಟಕ್ಕೆ ಇಳಿಯಬೇಡಿ.

ಶೂ ಕೂಡ ನೋಡಿ. ಓಟದ ಶೂ ಹಾಕಿ ಆಡಿದ್ದರೆ ಅದರ ದಪ್ಪ ಅಡಿ ಪಕ್ಕಕ್ಕೆ ಮಗುಚುತ್ತೆ. ಗಮ್ ಅಡಿಯ, ತಗ್ಗಿನ ಕೋರ್ಟ್ ಶೂ ಬೇಕು. ಅದೂ ಹೊಚ್ಚಹೊಸದಾದರೆ ಸಿಂಥೆಟಿಕ್ ಮ್ಯಾಟ್ ಮೇಲೆ ಅತಿಯಾಗಿ ಕಚ್ಚುತ್ತೆ, ಪಾದ ನಿಂತಲ್ಲೇ ನಿಲ್ಲುತ್ತೆ, ಮೈ ತಿರುಗುತ್ತೆ. ಮೊದಲ ನಾಲ್ಕೈದು ದಿನ ಹೆಜ್ಜೆ ಅಭ್ಯಾಸಕ್ಕೆ ಮಾತ್ರ ಹಾಕಿ ಹದ ಮಾಡಿಕೊಂಡು, ಆಮೇಲೆ ಆಟಕ್ಕೆ ತನ್ನಿ.